ಪಾನಾದ ಮೇಲಿನ ಹೆಸರು

ಗಂಗಾವತಿ ಇರಲಿ, ಕುಷ್ಟಗಿ ಇರಲಿ, ರಸ್ತೆ ಬದಿಯ ಗ್ಯಾರೇಜಿಗೆ ಹೋಗಿ ಒಂದು ಗಟ್ಟಿ ಪಾನಾ ಕೈಗೆತ್ತಿಕೊಳ್ಳಿ. ಗ್ರೀಸ್ ಒರೆಸಿದರೆ ಹಲವು ಪಾನಾಗಳ ಮೇಲೆ ‘ಕ್ರೋಮ್ ವೆನೇಡಿಯಂ’ ಎಂಬ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಕ್ರೋಮಿಯಂ ಹೆಸರು ನಾವು ಕೇಳಿದ್ದೆವು. ಈ ವೆನೇಡಿಯಂ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆವು.

ಇದು 23ನೇ ಧಾತು, ಸಂಕ್ರಮಣ ಲೋಹ. 1801ರಲ್ಲಿ ಮೆಕ್ಸಿಕೋದಲ್ಲಿ ಆಂದ್ರೆಸ್ ಮಾನ್ಯುಯೆಲ್ ದೆಲ್ ರಿಯೊ ಸೀಸದ ಅದಿರಿನಲ್ಲಿ ಇದನ್ನು ಕಂಡ. ಕಾಯಿಸಿದಾಗ ಅದರ ಲವಣಗಳು ಕೆಂಪಾದವು, ಹಾಗಾಗಿ ಎರಿತ್ರೋನಿಯಂ ಎಂದು ಕರೆದ. ಆದರೆ ಪ್ಯಾರಿಸ್ಸಿನ ರಸಾಯನಶಾಸ್ತ್ರಜ್ಞನೊಬ್ಬ ‘ಇದು ಬರೀ ಕ್ರೋಮಿಯಂ’ ಅಂದ. ದೆಲ್ ರಿಯೊ ಅದನ್ನು ಒಪ್ಪಿ ಸುಮ್ಮನಾದ. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಕಬ್ಬಿಣದಲ್ಲಿ ಅದೇ ಧಾತುವನ್ನು ಮತ್ತೆ ಕಂಡು, ತಮ್ಮ ನಾಡಿನ ದೇವತೆ ವನಾದಿಸ್ ಹೆಸರಿಟ್ಟ. ಮರುವರ್ಷ ವೋಲರ್ ಎರಡೂ ಒಂದೇ ಎಂದು ತೋರಿಸಿದ. ಅಷ್ಟರಲ್ಲಿ ಸ್ವೀಡನ್ನಿನ ಹೆಸರೇ ನಿಂತುಬಿಟ್ಟಿತ್ತು. ಶುದ್ಧ ಲೋಹ ಕೈಗೆ ಸಿಕ್ಕಿದ್ದು 1867ರಲ್ಲಿ, ಇಂಗ್ಲೆಂಡಿನ ಹೆನ್ರಿ ರಾಸ್ಕೊಗೆ.

ಉಕ್ಕಿಗೆ ಚಿಟಿಕೆಯಷ್ಟು ಸೇರಿಸಿದರೂ ಅದು ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ. 1908ರ ಫೋರ್ಡ್ ಮಾಡೆಲ್ ಟಿ ಕಾರಿಗೆ ಇದೇ ಉಕ್ಕು ಬಳಸಿದರು. ಹೊಲಕ್ಕೆ ಹಾಕುವ ಸೂಪರ್ ಫಾಸ್ಫೇಟಿಗೆ ಬೇಕಾದ ಗಂಧಕಾಮ್ಲ ತಯಾರಾಗುವುದೂ ವೆನೇಡಿಯಂ ಆಕ್ಸೈಡಿನ ನೆರವಿನಿಂದ. ಗಾಳಿ, ಬಿಸಿಲಿನ ವಿದ್ಯುತ್ತು ಕೂಡಿಡುವ ದೊಡ್ಡ ಬ್ಯಾಟರಿಗಳಲ್ಲೂ ಇದಿದೆ.

ನಮ್ಮನ್ನು ತಡೆದು ನಿಲ್ಲಿಸಿದ್ದು ಮಾತ್ರ ಬೇರೆ ಸಂಗತಿ. ದಕ್ಷಿಣ ಭಾರತದ ಮೂಸೆ ಉಕ್ಕಿಗೆ ಹೊರಗಿನವರು ‘ವೂಟ್ಜ್’ ಅಂದರು. ಅದು ನಮ್ಮ ‘ಉಕ್ಕು’ ಪದದಿಂದಲೇ ಬಂತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಚೂರು ಸಿಕ್ಕಿವೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಮೂಸೆ ಮುಚ್ಚಿ ಕಾಯಿಸುವುದನ್ನು ಬರೆದಿದ್ದಾನೆ. ಈ ಉಕ್ಕಿನ ಕತ್ತಿಗಳ ಮೇಲೆ ನೀರಿನ ಅಲೆಯಂಥ ಗೆರೆ ಮೂಡುತ್ತಿತ್ತು. ಅದು ಹೇಗೆಂದು ಬಹುಕಾಲ ತಿಳಿಯಲಿಲ್ಲ. 1998ರಲ್ಲಿ ಅಮೆರಿಕದ ಲೋಹಶಾಸ್ತ್ರಜ್ಞ ವರ್ಹೋವೆನ್ ಮತ್ತು ಕತ್ತಿ ಬಡಿಯುವ ಪೆಂಡ್ರೆ ತಮ್ಮ ಸಂಗಡಿಗರೊಂದಿಗೆ ಉತ್ತರ ಕೊಟ್ಟರು: ಅದಿರಿನಲ್ಲೇ ಇದ್ದ ವೆನೇಡಿಯಂನಂಥ ಧಾತುಗಳು. 10,000 ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಸಾಕು. ಅಂಥ ಅದಿರು ತಪ್ಪಿದ್ದರಿಂದಲೇ ಆ ವಿದ್ಯೆಯೂ ಅಳಿದಿರಬಹುದು ಎಂಬುದು ಅವರ ಊಹೆ.

ಅಂದರೆ ಹೆಸರಿಡುವ ಮೊದಲೇ ಈ ಲೋಹ ದುಡಿಯುತ್ತಿತ್ತು. ಯಾವ ಅದಿರು ಒಳ್ಳೆಯ ಉಕ್ಕು ಕೊಡುತ್ತದೆಂದು ಮೂಸೆಯ ಮುಂದೆ ಕೂತವರಿಗೆ ಅನುಭವದಿಂದ ಗೊತ್ತಿತ್ತು. ದೆಲ್ ರಿಯೊನ ಹಕ್ಕನ್ನು ಎತ್ತಿ ಹೇಳಲು ಒಬ್ಬ ವೋಲರ್ ಸಿಕ್ಕ. ಇವರ ಹೆಸರು ಯಾರೂ ಬರೆದಿಡಲಿಲ್ಲ.

ನಿಮ್ಮೂರಿನ ಕಂಬಾರಸಾಲಿಯಲ್ಲಿ ಇನ್ನೂ ಕುಲುಮೆ ಉರಿಯುತ್ತಿದ್ದರೆ ಒಂದು ಸಂಜೆ ಹೋಗಿ ಕೂಡ್ರಿ. ಕೆಂಡದ ಬಣ್ಣ ನೋಡಿ ಹದ ಹೇಳುವ ಅಜ್ಜ ಇದ್ದರೆ ಕೇಳಿ, ಬರೆದುಕೊಳ್ಳಿ. ಅಜ್ಜನ ಹೆಸರನ್ನೂ ಬರೆಯಿರಿ.