ಪೀಸ್ ಕೋರ್ ಸ್ವಯಂಸೇವಕರ ಸಮುದಾಯ ಹೊಂದಾಣಿಕೆ

ಪೀಸ್ ಕೋರ್ ಸ್ವಯಂಸೇವಕರ ಸಮುದಾಯ ಹೊಂದಾಣಿಕೆ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಪೀಸ್ ಕೋರ್ ಸಂಸ್ಥೆಯಿಂದ ಹೊರದೇಶಗಳಿಗೆ ತೆರಳುವ ಸ್ವಯಂಸೇವಕರು ತಾವು ನಿಯೋಜಿತರಾದ ಊರಿನ ಭಾಷೆ, ಆಹಾರ, ನಡವಳಿಕೆ ಮತ್ತು ಬಾಂಧವ್ಯಗಳೊಳಗೆ ಕ್ರಮೇಣ ಸೇರಿಕೊಳ್ಳುವ ಪ್ರಕ್ರಿಯೆ. ಸ್ವಯಂಸೇವಕರ ಅವಧಿಯು ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ತರಬೇತಿ ಹಾಗೂ ಎರಡು ವರ್ಷಗಳ ಸೇವೆ ಸೇರಿ 27 ತಿಂಗಳದ್ದಾಗಿರುತ್ತದೆ. ಈ ಅವಧಿಯಲ್ಲಿ ಊರಿನವರ ವಿಶ್ವಾಸ ಗಳಿಸುವುದು ಕೆಲಸಕ್ಕೆ ಮುಂಚಿನ ಸಿದ್ಧತೆ ಮಾತ್ರವಲ್ಲ, ಅದೇ ಕೆಲಸದ ಮೊದಲ ಭಾಗ ಎಂದು ಪರಿಗಣಿಸಲಾಗುತ್ತದೆ. ಊರಿನವರು ತಮ್ಮದೆಂದು ಒಪ್ಪಿಕೊಳ್ಳದ ಯೋಜನೆಯು ಸ್ವಯಂಸೇವಕರು ಹಿಂದಿರುಗಿದ ಮೇಲೆ ಉಳಿಯುವುದು ಕಷ್ಟವೆಂಬುದು ಇದಕ್ಕೆ ಮುಖ್ಯ ಕಾರಣ.

ಹಿನ್ನೆಲೆ

ಮೊದಲ ಮಹಾಯುದ್ಧದ ನಂತರ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ 1920ರಲ್ಲಿ ಫ್ರಾನ್ಸಿನ ವೆರ್ಡನ್ ಸಮೀಪ ಯುದ್ಧದಿಂದ ಹಾಳಾದ ಹಳ್ಳಿಯೊಂದರ ಪುನರ್ನಿರ್ಮಾಣಕ್ಕಾಗಿ ಹಲವು ದೇಶಗಳ ಜನರ ಶ್ರಮಶಿಬಿರವನ್ನು ಏರ್ಪಡಿಸಿದರು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ಆರಂಭ ಅದು. 1934ರ ಬಿಹಾರದ ಭೂಕಂಪದ ನಂತರ ಸೆರೆಸೋಲ್ ಅವರು ಭಾರತಕ್ಕೂ ಬಂದು ಪುನರ್ನಿರ್ಮಾಣದಲ್ಲಿ ದುಡಿದರು. 1958ರಲ್ಲಿ ಬ್ರಿಟನ್ನಿನ ಅಲೆಕ್ ಡಿಕ್ಸನ್ ಮತ್ತು ಮೋರಾ ಡಿಕ್ಸನ್ ದಂಪತಿಗಳು ವಾಲಂಟರಿ ಸರ್ವಿಸ್ ಓವರ್‌ಸೀಸ್ ಸಂಸ್ಥೆಯನ್ನು ಸ್ಥಾಪಿಸಿದರು.

ಜಾನ್ ಎಫ್. ಕೆನಡಿ ಅವರು 1960ರ ಅಕ್ಟೋಬರ್ 14ರ ನಸುಕಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತನಾಡುತ್ತ, ಹೊರದೇಶಗಳಲ್ಲಿ ದುಡಿಯಲು ಸಿದ್ಧರಿದ್ದೀರಾ ಎಂದು ಕೇಳಿದ್ದು ಪೀಸ್ ಕೋರ್ ಕಲ್ಪನೆಗೆ ಚಾಲನೆ ನೀಡಿತು. ಅಧ್ಯಕ್ಷರಾದ ಮೇಲೆ 1961ರ ಮಾರ್ಚ್ 1ರಂದು ಅವರು ಆದೇಶ ಹೊರಡಿಸಿ ಸಂಸ್ಥೆಯನ್ನು ಸ್ಥಾಪಿಸಿದರು. ಸಾರ್ಜೆಂಟ್ ಶ್ರೈವರ್ ಮೊದಲ ನಿರ್ದೇಶಕರಾದರು. ಹೆಸರಿನಲ್ಲಿ 'ಪಡೆ' ಎಂಬ ಅರ್ಥವಿದ್ದರೂ ಇದು ಸೈನಿಕ ಸಂಸ್ಥೆಯಲ್ಲ. ಮೊದಲ ತಂಡವು 1961ರ ಆಗಸ್ಟ್ 30ರಂದು ಘಾನಾದ ರಾಜಧಾನಿ ಅಕ್ರಾದಲ್ಲಿ ಇಳಿದಾಗ ಅದರ ಸದಸ್ಯರು ಸ್ಥಳೀಯ ಟ್ವಿ ಭಾಷೆಯಲ್ಲಿ ಹಾಡನ್ನು ಹಾಡಿದರು.

ಸಂಸ್ಥೆಗೆ ಮೂರು ಗುರಿಗಳಿವೆ. ಬಯಸಿದ ದೇಶಗಳಿಗೆ ತರಬೇತಿ ಪಡೆದ ಜನರನ್ನು ಒದಗಿಸುವುದು, ಆ ದೇಶಗಳ ಜನರಿಗೆ ಅಮೆರಿಕನ್ನರ ಪರಿಚಯ ಮಾಡಿಸುವುದು, ಅಮೆರಿಕನ್ನರಿಗೆ ಇತರ ಜನಾಂಗಗಳ ತಿಳಿವಳಿಕೆ ಮೂಡಿಸುವುದು. ಇವುಗಳಲ್ಲಿ ಎರಡು ಗುರಿಗಳು ಪರಸ್ಪರ ಅರಿವಿಗೆ ಸಂಬಂಧಿಸಿದವು.

ತರಬೇತಿ

ಆರಂಭದ ವರ್ಷಗಳಲ್ಲಿ ತರಬೇತಿಯು ಬಹುಮಟ್ಟಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿತ್ತು. ಮುಂದೆ ಅದನ್ನು ಸೇವೆ ಸಲ್ಲಿಸುವ ದೇಶಗಳಿಗೇ ವರ್ಗಾಯಿಸಲಾಯಿತು. ಈಗ ಅಭ್ಯರ್ಥಿಗಳು ಆ ದೇಶಕ್ಕೆ ಹೋಗಿ, ಹೆಚ್ಚಿನ ಕಡೆಗಳಲ್ಲಿ ಸ್ಥಳೀಯ ಕುಟುಂಬವೊಂದರ ಮನೆಯಲ್ಲಿದ್ದುಕೊಂಡು ಭಾಷೆ, ಆರೋಗ್ಯ, ಸುರಕ್ಷತೆ ಮತ್ತು ತಾಂತ್ರಿಕ ವಿಷಯಗಳನ್ನು ಕಲಿಯುತ್ತಾರೆ. ದೇಶದ ಆಡಳಿತ ಭಾಷೆಗಿಂತ ನಿಯೋಜಿತ ಊರಿನ ಆಡುಭಾಷೆಗೆ ಅನೇಕ ವೇಳೆ ಹೆಚ್ಚಿನ ಮಹತ್ವವಿರುತ್ತದೆ. ಉದಾಹರಣೆಗೆ, ಸೆನೆಗಲ್‌ನಲ್ಲಿ ಫ್ರೆಂಚ್ ಆಡಳಿತ ಭಾಷೆಯಾಗಿದ್ದರೂ ಹಳ್ಳಿಗಳಿಗೆ ಹೋಗುವವರು ವೋಲೋಫ್, ಪುಲಾರ್, ಸೆರೆರ್ ಅಥವಾ ಮಂಡಿಂಕಾ ಭಾಷೆಯನ್ನು ಕಲಿಯುತ್ತಾರೆ.

ತರಬೇತಿಯ ಕೊನೆಗೆ ಪ್ರಮಾಣವಚನ ಸ್ವೀಕರಿಸಿದ ನಂತರವೇ ಅಭ್ಯರ್ಥಿಯು ಸ್ವಯಂಸೇವಕ ಎನಿಸಿಕೊಳ್ಳುತ್ತಾನೆ. ಸ್ವಯಂಸೇವಕರಿಗೆ ಸಂಬಳವಿಲ್ಲ. ಊರಿನ ಜನರ ಮಟ್ಟದಲ್ಲಿ ಜೀವನ ನಡೆಸಲು ಸಾಕಾಗುವಷ್ಟು ನಿರ್ವಹಣಾ ಭತ್ಯೆ ಮಾತ್ರ ದೊರೆಯುತ್ತದೆ.

ಮೊದಲ ತಿಂಗಳುಗಳು

ಊರಿಗೆ ಬಂದ ಮೊದಲ ಕೆಲವು ತಿಂಗಳು ದೊಡ್ಡ ಯೋಜನೆಗಳನ್ನು ಕೈಗೊಳ್ಳದಿರುವಂತೆ ಸ್ವಯಂಸೇವಕರಿಗೆ ಸಲಹೆ ನೀಡುವುದು ವಾಡಿಕೆ. ಈ ಅವಧಿಯಲ್ಲಿ ಅವರು ಊರಿನ ಮುಖಂಡರನ್ನು ಕಂಡು ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ, ಮನೆಮನೆಗೆ ಭೇಟಿ ಕೊಡುತ್ತಾರೆ, ಸಂತೆ, ಮದುವೆ ಮತ್ತು ಶವಸಂಸ್ಕಾರಗಳಲ್ಲಿ ಪಾಲ್ಗೊಳ್ಳುತ್ತಾರೆ. ಏನನ್ನಾದರೂ ಸಾಧಿಸಬೇಕೆಂಬ ಉತ್ಸಾಹದಿಂದ ಬಂದವರಿಗೆ ಈ ದಿನಗಳು ವ್ಯರ್ಥವಾದಂತೆ ತೋರುವುದುಂಟು. ಆದರೆ ಬಾವಿಯ ಬಳಿ ಯಾರು ಯಾರೊಡನೆ ಮಾತನಾಡುತ್ತಾರೆ, ಯಾರ ಮಾತಿಗೆ ಊರು ಕಿವಿಗೊಡುತ್ತದೆ, ಯಾವ ಮನೆಗಳ ನಡುವೆ ಹಳೆಯ ವೈಮನಸ್ಯವಿದೆ ಎಂಬ ಸಂಗತಿಗಳು ಇಂತಹ ದಿನಗಳಲ್ಲಿಯೇ ತಿಳಿಯುತ್ತವೆ.

ಸ್ವಯಂಸೇವಕರೊಡನೆ ಜೊತೆಗೂಡಿ ಕೆಲಸ ಮಾಡಲು ಸ್ಥಳೀಯ ಶಿಕ್ಷಕರು, ದಾದಿಯರು ಅಥವಾ ರೈತರನ್ನು ಗೊತ್ತುಮಾಡುವ ಪದ್ಧತಿಯಿದೆ. ಈ ಸಹವರ್ತಿಗಳು ಮಾತು ಮತ್ತು ನಡವಳಿಕೆಯ ತಪ್ಪುಗಳನ್ನು ತಿದ್ದುತ್ತಾರೆ, ಸ್ವಯಂಸೇವಕರು ಹಿಂದಿರುಗಿದ ಮೇಲೆ ಕೆಲಸವನ್ನು ಮುಂದುವರಿಸುತ್ತಾರೆ.

ಊರನ್ನು ಅರಿಯಲು ಸಂಸ್ಥೆಯು ಕೆಲವು ಸರಳ ವಿಧಾನಗಳನ್ನು ಕಲಿಸುತ್ತದೆ:

• ಊರಿನ ನಕ್ಷೆ: ಊರಿನವರೇ ತಮ್ಮ ಊರಿನ ನಕ್ಷೆಯನ್ನು ಬರೆಯುತ್ತಾರೆ. ಗಂಡಸರು ಮತ್ತು ಹೆಂಗಸರು ಬೇರೆ ಬೇರೆಯಾಗಿ ಬರೆದಾಗ ಅವರು ಗುರುತಿಸುವ ಸ್ಥಳಗಳು ಭಿನ್ನವಾಗಿರಬಹುದು.
• ದಿನಚರಿ: ಬೆಳಗಿನಿಂದ ರಾತ್ರಿಯವರೆಗೆ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದರ ಪಟ್ಟಿ. ಹೆಂಗಸರಿಗೆ ಬಿಡುವಿಲ್ಲದ ವೇಳೆಯಲ್ಲಿ ಅವರಿಗಾಗಿ ಸಭೆ ಕರೆಯುವ ತಪ್ಪನ್ನು ಇದರಿಂದ ತಡೆಯಬಹುದು.
• ಋತುಮಾನದ ಪಟ್ಟಿ: ಬಿತ್ತನೆ, ಸುಗ್ಗಿ, ಹಬ್ಬ, ಕಾಯಿಲೆ ಮತ್ತು ಧಾನ್ಯದ ಕೊರತೆಯ ತಿಂಗಳುಗಳನ್ನು ಇದರಲ್ಲಿ ದಾಖಲಿಸಲಾಗುತ್ತದೆ.
• ಆದ್ಯತೆಯ ನಿರ್ಧಾರ: ಊರಿನವರು ತಮ್ಮ ಅಗತ್ಯಗಳನ್ನು ತಾವೇ ಹೋಲಿಸಿ, ಯಾವುದು ಮೊದಲು ಎಂದು ನಿರ್ಧರಿಸುತ್ತಾರೆ.

ಸಂಸ್ಕೃತಿ ಆಘಾತ

ಪರಿಚಿತ ಸಂಕೇತಗಳೆಲ್ಲ ಒಮ್ಮೆಗೇ ಇಲ್ಲವಾದಾಗ ಉಂಟಾಗುವ ಕಳವಳವನ್ನು ಸಂಸ್ಕೃತಿ ಆಘಾತ ಎನ್ನುತ್ತಾರೆ. ಯಾವಾಗ ಕೈಕುಲುಕಬೇಕು, ಆಹ್ವಾನವನ್ನು ಯಾವಾಗ ನಿಜವೆಂದು ತಿಳಿಯಬೇಕು ಎಂಬಂತಹ ಸಣ್ಣ ವಿಷಯಗಳೂ ಆಗ ತೊಡಕಾಗುತ್ತವೆ. ಮಾನವಶಾಸ್ತ್ರಜ್ಞ ಕಾಲೆರ್ವೊ ಒಬರ್ಗ್ ಅವರು 1954ರಲ್ಲಿ ರಿಯೊ ಡಿ ಜನೈರೊದಲ್ಲಿ ನೀಡಿದ ಉಪನ್ಯಾಸದಿಂದ ಈ ಪರಿಕಲ್ಪನೆ ಪ್ರಸಿದ್ಧವಾಯಿತು. ಆರಂಭದ ಸಂಭ್ರಮ, ನಂತರದ ಅಸಹನೆ, ನಿಧಾನವಾದ ಚೇತರಿಕೆ ಮತ್ತು ಕೊನೆಯ ಹೊಂದಾಣಿಕೆ ಎಂಬ ನಾಲ್ಕು ಹಂತಗಳನ್ನು ಅವರು ಗುರುತಿಸಿದರು. ನಾರ್ವೆಯ ಸ್ವೆರೆ ಲಿಸ್ಗೋರ್ ಅವರು ಅಮೆರಿಕದಲ್ಲಿ ಅಧ್ಯಯನ ಮಾಡಿ ಮರಳಿದ್ದ ನಾರ್ವೆಯವರನ್ನು ಕುರಿತು 1955ರಲ್ಲಿ ಪ್ರಕಟಿಸಿದ ಬರಹದಲ್ಲಿ ಇಂತಹುದೇ ಏರಿಳಿತವನ್ನು ವಿವರಿಸಿದರು. ಇದು ಯು-ರೇಖೆ ಎಂದು ಹೆಸರಾಗಿದೆ.

ಎಲ್ಲರ ಅನುಭವವೂ ಈ ರೇಖೆಯನ್ನು ಅನುಸರಿಸುವುದಿಲ್ಲ. ನ್ಯೂಜಿಲೆಂಡ್‌ನಲ್ಲಿ ಓದುತ್ತಿದ್ದ ಜಪಾನಿ ವಿದ್ಯಾರ್ಥಿಗಳ ಬಗ್ಗೆ ಕಾಲೀನ್ ವಾರ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವು, ಸಂಭ್ರಮದ ಬದಲು ಆಗಮನದ ವೇಳೆಯಲ್ಲಿಯೇ ತೊಂದರೆ ಅತ್ಯಧಿಕವಾಗಿತ್ತು ಎಂದು ತೋರಿಸಿತು. ಜಾನ್ ಬೆರ್ರಿ ಎಂಬ ಮನೋವಿಜ್ಞಾನಿಯು ಹೊಸ ಸಂಸ್ಕೃತಿಯೊಡನೆ ಬಾಳುವ ನಾಲ್ಕು ಬಗೆಗಳನ್ನು ಗುರುತಿಸಿದ್ದಾರೆ. ತನ್ನದನ್ನು ಉಳಿಸಿಕೊಂಡು ಹೊಸದರಲ್ಲಿ ಬೆರೆಯುವುದು, ತನ್ನದನ್ನು ಬಿಟ್ಟು ಹೊಸದರಲ್ಲಿ ಲೀನವಾಗುವುದು, ದೂರವೇ ಉಳಿಯುವುದು, ಎರಡರಿಂದಲೂ ಹೊರಗಾಗುವುದು. ಸ್ವಯಂಸೇವಕರಿಂದ ನಿರೀಕ್ಷಿಸುವುದು ಮೊದಲನೆಯ ಬಗೆಯನ್ನು.

ಸೆನೆಗಲ್‌ನ ಉದಾಹರಣೆ

ಪಶ್ಚಿಮ ಆಫ್ರಿಕದ ಸೆನೆಗಲ್‌ನಲ್ಲಿ ಪೀಸ್ ಕೋರ್ 1963ರಲ್ಲಿ ಕೆಲಸ ಆರಂಭಿಸಿತು. ಅಲ್ಲಿನ ಹಳ್ಳಿಗಳಲ್ಲಿ ಸ್ವಯಂಸೇವಕರು ಸಾಮಾನ್ಯವಾಗಿ ಒಂದು ಕುಟುಂಬದ ಆವರಣದಲ್ಲಿಯೇ ಪ್ರತ್ಯೇಕ ಗುಡಿಸಲು ಅಥವಾ ಕೋಣೆಯಲ್ಲಿ ವಾಸಿಸುತ್ತಾರೆ. ಅಂಗಳ ಮತ್ತು ಊಟ ಕುಟುಂಬದೊಡನೆ ಹಂಚಿಕೆಯಾಗಿರುತ್ತದೆ. ಅನ್ನ ಅಥವಾ ಸಜ್ಜೆಯ ಅಡುಗೆಯನ್ನು ದೊಡ್ಡ ಬೋಗುಣಿಯಲ್ಲಿ ಬಡಿಸುತ್ತಾರೆ. ಸುತ್ತ ಕುಳಿತವರು ಬಲಗೈಯಿಂದ ಅಥವಾ ಚಮಚದಿಂದ ತಮ್ಮ ಮುಂದಿನ ಭಾಗವನ್ನಷ್ಟೇ ಉಣ್ಣುವುದು ಮರ್ಯಾದೆ. ನಡುವೆ ಇರುವ ಮೀನು ಮತ್ತು ತರಕಾರಿಯನ್ನು ಮನೆಯ ಗೃಹಿಣಿ ಮುರಿದು ಅತಿಥಿಯ ಕಡೆಗೆ ಸರಿಸುತ್ತಾಳೆ.

ಅಲ್ಲಿ ಕುಶಲಪ್ರಶ್ನೆ ದೀರ್ಘವಾದುದು. ರಾತ್ರಿ ಹೇಗೆ ಕಳೆಯಿತು, ಮನೆಯವರು ಹೇಗಿದ್ದಾರೆ, ಕೆಲಸ ಹೇಗಿದೆ ಎಂದು ಒಂದೊಂದಾಗಿ ವಿಚಾರಿಸಿದ ಮೇಲೆಯೇ ವಿಷಯಕ್ಕೆ ಬರುವುದು ಪದ್ಧತಿ. ಇವುಗಳಿಗೆ ವೋಲೋಫ್ ಭಾಷೆಯಲ್ಲಿ 'ಜಾಮ್ ರೆಕ್', ಅಂದರೆ 'ಶಾಂತಿ ಮಾತ್ರ' ಎಂಬ ಉತ್ತರ ಬಳಕೆಯಲ್ಲಿದೆ. ನೇರವಾಗಿ ಕೆಲಸದ ಮಾತೆತ್ತುವುದು ಒರಟುತನವೆನಿಸುತ್ತದೆ. ಅಟಾಯಾ ಎಂಬ ಚಹಾವನ್ನು ಮೂರು ಸುತ್ತುಗಳಲ್ಲಿ ಕಾಯಿಸಿ ಕೊಡುವಾಗ ಬಹಳ ಹೊತ್ತು ಹಿಡಿಯುತ್ತದೆ. ಊರಿನ ಸುದ್ದಿ, ತಕರಾರು, ಯೋಚನೆಗಳು ಮಾತಿಗೆ ಬರುವುದು ಆ ಹೊತ್ತಿನಲ್ಲಿ.

ಆಶ್ರಯ ನೀಡಿದ ಕುಟುಂಬವು ಸ್ವಯಂಸೇವಕರಿಗೆ ಸ್ಥಳೀಯ ಹೆಸರಿಟ್ಟು ತನ್ನ ಕುಲನಾಮವನ್ನೂ ಕೊಡುವುದು ಸಾಮಾನ್ಯ. ಇದರ ಪರಿಣಾಮ ಹೆಸರಿಗಷ್ಟೇ ಸೀಮಿತವಲ್ಲ. ಸೆನೆಗಲ್‌ನಲ್ಲಿ ಕೆಲವು ಕುಲನಾಮಗಳ ನಡುವೆ ಪರಿಹಾಸ್ಯದ ನಂಟು ಇದೆ. ನ್ಜಾಯ್ ಮತ್ತು ಜೋಪ್ ಎಂಬ ಹೆಸರಿನವರು ಮೊದಲ ಭೇಟಿಯಲ್ಲಿಯೇ ಪರಸ್ಪರ ಹೊಟ್ಟೆಬಾಕರೆಂದು ಹಂಗಿಸಬಹುದು, ಯಾರೂ ಬೇಸರಪಡುವುದಿಲ್ಲ. ನ್ಜಾಯ್ ಹೆಸರು ಪಡೆದ ವಿದೇಶಿಯನ್ನು ಬಸ್ಸಿನಲ್ಲಿ ಸಿಕ್ಕ ಅಪರಿಚಿತ ಜೋಪ್ ಹೀಗೆ ಛೇಡಿಸಿದಾಗ, ಆ ನಂಟಿನೊಳಗೆ ಅವನಿಗೂ ಸ್ಥಾನ ದೊರೆತಂತಾಗುತ್ತದೆ. ತಿರುಗಿ ಹಾಸ್ಯ ಮಾಡಲು ಬಂದರೆ ಅಪರಿಚಿತತನ ಅರ್ಧ ಕಳೆದಂತೆ.

ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಊರಿನವರೆಲ್ಲ ಶೇಂಗಾ ಮತ್ತು ಸಜ್ಜೆಯ ಹೊಲಗಳಲ್ಲಿರುತ್ತಾರೆ. ಹೊಸ ಬೆಳೆ ಕೈಸೇರುವ ಮುನ್ನ ಕಣಜ ಬರಿದಾಗುವ ಕಾಲವೂ ಅದೇ. ಆಗ ಸಭೆ ಕರೆಯುವ ಬದಲು ಹೊಲಕ್ಕೆ ಹೋಗಿ ಜೊತೆಗೆ ಕಳೆ ಕೀಳುವ ಸ್ವಯಂಸೇವಕರು ಹೆಚ್ಚು ಬೇಗ ಆಪ್ತರಾಗುತ್ತಾರೆ. ದೀರ್ಘಕಾಲದ ಅಗಲಿಕೆಯ ಸಂದರ್ಭದಲ್ಲಿ ಮಾತ್ರ ಎಡಗೈಯನ್ನು ಕುಲುಕುವ ರೂಢಿ ಅಲ್ಲಿದೆ. ಆ ತಪ್ಪನ್ನು ಸರಿಪಡಿಸಲು ಮತ್ತೆ ಭೇಟಿಯಾಗಲೇಬೇಕು ಎಂಬುದು ಅದರ ಭಾವ.

ಭಾರತದಲ್ಲಿ ಮತ್ತು ಕರ್ನಾಟಕದಲ್ಲಿ

ಭಾರತಕ್ಕೆ ಬಂದ ಮೊದಲ ತಂಡವು 1961ರ ಡಿಸೆಂಬರ್‌ನಲ್ಲಿ ಪಂಜಾಬ್ ರಾಜ್ಯಕ್ಕೆ ನಿಯೋಜಿತವಾಯಿತು. 1976ರಲ್ಲಿ ಕಾರ್ಯಕ್ರಮ ಮುಕ್ತಾಯವಾಗುವವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದೇಶದಲ್ಲಿ ಸೇವೆ ಸಲ್ಲಿಸಿದರು. ಕೃಷಿ, ಕೋಳಿಸಾಕಣೆ, ಆರೋಗ್ಯ ಮತ್ತು ಶಿಕ್ಷಣ ಅವರ ಮುಖ್ಯ ಕ್ಷೇತ್ರಗಳಾಗಿದ್ದವು. ಅಂದು ಮೈಸೂರು ರಾಜ್ಯವೆನಿಸಿದ್ದ ಕರ್ನಾಟಕದಲ್ಲಿಯೂ ಸ್ವಯಂಸೇವಕರಿದ್ದರು. ಕನ್ನಡದಲ್ಲಿ ಬರಹದ ಭಾಷೆಗೂ ಆಡುಮಾತಿಗೂ ಇರುವ ಅಂತರ, ಧಾರವಾಡ, ಮೈಸೂರು ಮತ್ತು ಕರಾವಳಿಯ ಮಾತುಗಳಲ್ಲಿನ ಭೇದ ಹೊರಗಿನಿಂದ ಬಂದ ಕಲಿಯುವವರಿಗೆ ಸವಾಲಾಗುವ ಸಂಗತಿಗಳು. ಪುಸ್ತಕದ ಕನ್ನಡವನ್ನಷ್ಟೇ ಕಲಿತವರಿಗೆ ಹಳ್ಳಿಯ ಜಗಲಿಯ ಮಾತು ಸುಲಭವಾಗಿ ಅರ್ಥವಾಗುವುದಿಲ್ಲ.

ಭಾರತದಲ್ಲಿದ್ದ ಸ್ವಯಂಸೇವಕರಲ್ಲಿ ಪ್ರಸಿದ್ಧರಾದವರು ಲಿಲಿಯನ್ ಕಾರ್ಟರ್. ದಾದಿಯಾಗಿದ್ದ ಅವರು 68ನೆಯ ವಯಸ್ಸಿನಲ್ಲಿ ಮುಂಬಯಿ ಸಮೀಪದ ವಿಖ್ರೋಳಿಗೆ ಬಂದು 1966ರಿಂದ 1968ರವರೆಗೆ ಕೆಲಸ ಮಾಡಿದರು. ಅವರ ಮಗ ಜಿಮ್ಮಿ ಕಾರ್ಟರ್ 1977ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಸೇವೆಗೆ ಕನಿಷ್ಠ ವಯಸ್ಸು 18. ಗರಿಷ್ಠ ವಯಸ್ಸಿನ ಮಿತಿಯಿಲ್ಲ.

ತೊಡಕುಗಳು ಮತ್ತು ಟೀಕೆ

1961ರ ಅಕ್ಟೋಬರ್‌ನಲ್ಲಿ ನೈಜೀರಿಯದ ಇಬಾದಾನ್‌ನಲ್ಲಿದ್ದ ಸ್ವಯಂಸೇವಕಿಯೊಬ್ಬರು ಸ್ವದೇಶದ ಸ್ನೇಹಿತರಿಗೆ ಬರೆದ ಅಂಚೆ ಕಾರ್ಡು ಕಳೆದುಹೋಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಅಲ್ಲಿನ ಜೀವನಸ್ಥಿತಿಯನ್ನು ಹೀನವಾಗಿ ವರ್ಣಿಸಿದ್ದ ಆ ಬರಹದ ಪ್ರತಿಗಳು ಹರಡಿ ಪ್ರತಿಭಟನೆ ನಡೆಯಿತು, ಸ್ವಯಂಸೇವಕಿಯು ಸ್ವದೇಶಕ್ಕೆ ಮರಳಬೇಕಾಯಿತು. ಆತಿಥೇಯರ ಬಗ್ಗೆ ಖಾಸಗಿಯಾಗಿ ಆಡುವ ಮಾತೂ ಸಂಬಂಧವನ್ನು ಕೆಡಿಸಬಲ್ಲದು ಎಂಬುದಕ್ಕೆ ಈ ಘಟನೆಯನ್ನು ಉದಾಹರಿಸಲಾಗುತ್ತದೆ.

ಇಡೀ ಪರಿಕಲ್ಪನೆಯನ್ನೇ ಪ್ರಶ್ನಿಸಿದವರಲ್ಲಿ ಚಿಂತಕ ಇವಾನ್ ಇಲಿಚ್ ಪ್ರಮುಖರು. ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ 1968ರ ಏಪ್ರಿಲ್‌ನಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಎದುರು ಮಾತನಾಡಿದ ಅವರು, ಸದುದ್ದೇಶದ ಹೆಸರಿನಲ್ಲಿ ತಮ್ಮ ಜೀವನಕ್ರಮವನ್ನು ಬಡವರ ಮೇಲೆ ಹೇರಬಾರದೆಂದರು. ನೋಡಲು, ಕಲಿಯಲು ಬನ್ನಿ, ಆದರೆ ಸಹಾಯ ಮಾಡಲು ಬರಬೇಡಿ ಎಂಬುದು ಅವರ ಮಾತಿನ ತಿರುಳಾಗಿತ್ತು. ಊರಿನಲ್ಲಿ ಬೆರೆಯುವುದಕ್ಕೆ ನೀಡುವ ಮಹತ್ವವು ಈ ಟೀಕೆಯ ಒಂದು ಭಾಗಕ್ಕೆ ಉತ್ತರವಾದರೂ, ಬಯಸಿದಾಗ ಮರಳಿಹೋಗಬಲ್ಲ ಸ್ವಯಂಸೇವಕರಿಗೂ ಅಲ್ಲಿಯೇ ಬಾಳಬೇಕಾದ ಊರಿನವರಿಗೂ ನಡುವಿನ ಅಸಮಾನತೆಯನ್ನು ಅದು ಅಳಿಸುವುದಿಲ್ಲ.

ಹೊಂದಾಣಿಕೆ ಎಂದರೆ ಎಲ್ಲವನ್ನೂ ಸಹಿಸುವುದಲ್ಲ. ಮುಖ್ಯವಾಗಿ ಮಹಿಳಾ ಸ್ವಯಂಸೇವಕರು ಎದುರಿಸುವ ಕಿರುಕುಳ ಮತ್ತು ಹಿಂಸೆ ಗಂಭೀರ ಸಮಸ್ಯೆಯಾಗಿದ್ದು, ಅವರ ರಕ್ಷಣೆ ಹಾಗೂ ದೂರು ನೀಡಿದವರ ಗೋಪ್ಯತೆಗಾಗಿ ಅಮೆರಿಕದಲ್ಲಿ 2011ರಲ್ಲಿ ವಿಶೇಷ ಕಾಯಿದೆ ಜಾರಿಗೆ ಬಂದಿತು. ಸ್ವಯಂಸೇವಕರು ಯಾವ ಹಂತದಲ್ಲಿಯೂ ಸೇವೆಯಿಂದ ಹಿಂದೆ ಸರಿಯಬಹುದು.

ಸ್ವದೇಶಕ್ಕೆ ಮರಳುವಿಕೆ

ಊರಿನಲ್ಲಿ ಚೆನ್ನಾಗಿ ಬೆರೆತವರಿಗೆ ಸ್ವದೇಶವೇ ಅಪರಿಚಿತವೆನಿಸುವುದುಂಟು. 1963ರಲ್ಲಿ ಜಾನ್ ಗಲಹಾರ್ನ್ ಮತ್ತು ಜೀನ್ ಗಲಹಾರ್ನ್ ಅವರು ಮರಳಿದ ನಂತರದ ಕುಸಿತ ಮತ್ತು ಚೇತರಿಕೆಯನ್ನೂ ಸೇರಿಸಿ ಯು-ರೇಖೆಯನ್ನು ಡಬ್ಲ್ಯು-ರೇಖೆಯಾಗಿ ವಿಸ್ತರಿಸಿದರು. ಹೊಸ ಜೀವನಕ್ಕೆ ನೆರವಾಗಲು ಅವಧಿ ಮುಗಿಸಿದವರಿಗೆ ಸಂಸ್ಥೆಯು ಪುನರ್ವಸತಿ ಭತ್ಯೆ ನೀಡುತ್ತದೆ.

ಕೋವಿಡ್-19 ಹರಡಿದ 2020ರ ಮಾರ್ಚ್‌ನಲ್ಲಿ ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿದ್ದ ಸುಮಾರು 7,000 ಸ್ವಯಂಸೇವಕರನ್ನು ಸಂಸ್ಥೆಯು ಹಿಂದಕ್ಕೆ ಕರೆಸಿಕೊಂಡಿತು. ಎಲ್ಲ ಸ್ವಯಂಸೇವಕರನ್ನೂ ಏಕಕಾಲಕ್ಕೆ ಕರೆಸಿಕೊಂಡದ್ದು ಸಂಸ್ಥೆಯ ಇತಿಹಾಸದಲ್ಲಿ ಅದೇ ಮೊದಲು. ಅನೇಕರಿಗೆ ಆಶ್ರಯ ನೀಡಿದ ಕುಟುಂಬಗಳನ್ನು ಸರಿಯಾಗಿ ಬೀಳ್ಕೊಳ್ಳಲೂ ಸಮಯ ದೊರೆಯಲಿಲ್ಲ. 2022ರ ಮಾರ್ಚ್‌ನಿಂದ ಸ್ವಯಂಸೇವಕರನ್ನು ಮತ್ತೆ ಹೊರದೇಶಗಳಿಗೆ ಕಳುಹಿಸಲು ಆರಂಭಿಸಲಾಯಿತು.