ಕರವೂ ಪ್ರಜಾಸಮ್ಮತಿಯೂ: ಮೈಸೂರು ದೇಶದ ಪಕ್ಷ

ತೆರುವವರ ಸಮ್ಮತಿಯಿಲ್ಲದೆ ಕರ ವಿಧಿಸಲಾಗದೆಂಬ ತತ್ತ್ವವನ್ನು ಅಮೆರಿಕದ ವಲಸೆನಾಡಿನವರು 1765ರ ಸ್ಟ್ಯಾಂಪು ಶಾಸನದ ವಿರುದ್ಧ ಎತ್ತಿ ಹಿಡಿದರು. ತಾವು ಪ್ರತಿನಿಧಿಗಳನ್ನು ಕಳುಹಿಸದ ಪಾರ್ಲಿಮೆಂಟಿಗೆ ತಮ್ಮ ಸ್ವತ್ತಿನ ಮೇಲೆ ಕೈಯಿಡುವ ಅಧಿಕಾರವಿಲ್ಲವೆಂಬುದು ಅವರ ವಾದ. ಆ ಅಧಿಕಾರವನ್ನು ಸಾರುವ ಮಸೂದೆಯು 1766ರಲ್ಲಿ ಪ್ರಭುಗಳ ಸಭೆಗೆ ಬಂದಾಗ, ಲಾರ್ಡ್ ಕ್ಯಾಮ್‌ಡನ್ನನೊಡನೆ ಅದನ್ನು ವಿರೋಧಿಸಿದವರು ನಾಲ್ವರೇ; ಅವರಲ್ಲೊಬ್ಬನು ತರುಣ ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅದೇ ವಲಸೆನಾಡಿನವರಿಗೆ ಶರಣಾದ ಈ ಸೇನಾನಿಯು, 1791ರಲ್ಲಿ ಕೋಲಾರ ಹೊಸಕೋಟೆಗಳ ಮಾರ್ಗವಾಗಿ, ಇಂದಿನ ವೈಟ್‌ಫೀಲ್ಡಿನ ನೆರೆಯಲ್ಲಿ ಹಾದು, ಬೆಂಗಳೂರನ್ನು ಹಿಡಿದನು. ಪ್ರಭುಸಭೆಯ ತತ್ತ್ವವು ಅವನೊಡನೆ ಈ ದಾರಿಯಲ್ಲಿ ಬರಲಿಲ್ಲ. 1792ರ ಕೌಲಿನಲ್ಲಿ ಅವನು ಟಿಪ್ಪುವಿನಿಂದ ಅರ್ಧರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಪಡೆದನು. 1799ರ ತರುವಾಯ ಮೈಸೂರು ಸಂಸ್ಥಾನವು ಕಂಪನಿಗೆ ವರ್ಷಂಪ್ರತಿ 7 ಲಕ್ಷ ಪಗೋಡಗಳ, ಎಂದರೆ 24½ ಲಕ್ಷ ರೂಪಾಯಿಗಳ, ಪೊಗದಿಯನ್ನು ತೆರಬೇಕಾಯಿತು.

ಈ ದೇಶದಲ್ಲಿ ಕರನಿರೋಧಕ್ಕೆ ಆಧಾರವಾದ ಭಾವನೆ ಬೇರೆ ಬಗೆಯದು. ಅದು 1830ರ ನಗರದ ದಂಗೆಯಲ್ಲಿ ಸ್ಪಷ್ಟವಾಗಿ ಕಾಣಬರುತ್ತದೆ. ಆಗ ಪ್ರಚಾರದಲ್ಲಿದ್ದುದು ಶರತ್ತಿನ ಪದ್ಧತಿ. ಅಮೀಲ್ದಾರನು ಇಂತಿಷ್ಟು ಹಣವನ್ನು ಕೂಡಿಸಿಕೊಡುವೆನೆಂದು ಮುಚ್ಚಳಿಕೆ ಬರೆದುಕೊಡುವನು. ಕಡಿಮೆ ಬಿದ್ದುದನ್ನು ತಾನೇ ತುಂಬಬೇಕು. ಇಂಥವನು ರೈತನನ್ನು ಹಿಂಡದೆ ಬಿಡುವನೆ? ರೈತರು ಊರಿಂದೂರಿಗೆ ಪತ್ರ ಕಳುಹಿಸಿ ಕೂಟ ಕೂಡಿದರು. ತಮ್ಮ ಅಹವಾಲನ್ನು ಕೇಳುವವರೆಗೆ ಕಂದಾಯ ಕೊಡೆವೆಂದರು. ಅದೇ ಸುಮಾರಿಗೆ, ಕಂಪನಿಯ ನೇರವಾದ ಆಳ್ವಿಕೆಯಲ್ಲಿದ್ದ ಕನ್ನಡ ಜಿಲ್ಲೆಯಲ್ಲಿಯೂ, ಕುಂಬಳೆ ಬೇಕಲಗಳಿಂದ ಮಂಗಳೂರಿನವರೆಗೆ, ರೈತರು ಕೂಟಗಳನ್ನು ಕಟ್ಟಿ ಕಂದಾಯವನ್ನು ತಡೆದರು. ಅರಸನಿಗೆ ಕಂದಾಯದ ಹಕ್ಕೇ ಇಲ್ಲವೆಂದು ಈ ಕೂಟಗಳು ಹೇಳಲಿಲ್ಲ. ಶಾಸನ ಮಾಡುವ ಸಭೆಯಲ್ಲಿ ಸ್ಥಾನವನ್ನೂ ಬೇಡಲಿಲ್ಲ. ಮಾಮೂಲಿಗೆ ಮೀರಿದುದು ಅನ್ಯಾಯ, ಮೊರೆ ಕೇಳದ ದೊರೆಗೆ ಕಂದಾಯವು ಸಲ್ಲದು ಎಂಬಿಷ್ಟೇ ಅವರ ನಿಲುವು. ನಗರದಲ್ಲಿ ಬೂದಿ ಬಸವಪ್ಪನು ಪಟ್ಟಕ್ಕೆ ಹಕ್ಕುದಾರನೆಂದು ಮುಂದೆ ಬಂದುದರಿಂದ ಈ ನಿಲುವಿಗೆ ರಾಜದ್ರೋಹದ ಬಣ್ಣ ಬಂದಿತು. ಆದರೆ ಕೂಟದ ಮೂಲವನ್ನು ಅವನಲ್ಲಿ ಹುಡುಕುವುದು ಸರಿಯಲ್ಲ. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಪೊಗದಿಯ ಭದ್ರತೆಯ ಕಲಮನ್ನು ಮುಂದೊಡ್ಡಿ ರಾಜ್ಯಭಾರವನ್ನೇ ವಹಿಸಿಕೊಂಡನು. ಮೊರೆಯಿಟ್ಟವರು ರೈತರು, ಭದ್ರವಾದುದು ಪೊಗದಿ.

ಐವತ್ತು ವರ್ಷಗಳ ಮೇಲೆ, 1881ರಲ್ಲಿ, ರಾಜ್ಯವು ಒಡೆಯರ ವಂಶಕ್ಕೆ ಮರಳಿತು. ಪೊಗದಿಯು 35 ಲಕ್ಷಕ್ಕೆ ನಿಗದಿಯಾಯಿತು. ಹೆಚ್ಚಿನ ಮೊಬಲಗಿನ ವಸೂಲಿಯು ಕೆಲವು ವರ್ಷ ಮುಂದಕ್ಕೆ ಹೋದರೂ, ಅದನ್ನು ನಿಶ್ಚಯಿಸಿದ ಸರ್ಕಾರದಲ್ಲಿ ಮೈಸೂರಿನ ಪ್ರಜೆಗೆ ಧ್ವನಿಯಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅಹವಾಲನ್ನು ಕೇಳುವ ಪದ್ಧತಿಗೆ ಇದರಿಂದ ರಾಜಮುದ್ರೆ ಬಿದ್ದಿತು. ಆದರೆ ಹಣದ ಮೇಲಿನ ಅಧಿಕಾರವು ಸಭೆಗೆ ದೊರೆಯಲಿಲ್ಲ. 1891ರಿಂದ ಚುನಾವಣೆ ಆರಂಭವಾದಾಗ ಮತದಾನವು ಮುಖ್ಯವಾಗಿ ನಿಯತ ಮೊತ್ತದ ಕಂದಾಯವನ್ನೋ ಇತರ ತೆರಿಗೆಯನ್ನೋ ತೆರುವವರಿಗೆ ಸಂದಿತು. ಅಮೆರಿಕದವರ ಸೂತ್ರವು ಇಲ್ಲಿ ತಲೆಕೆಳಗಾಯಿತೆನ್ನಬೇಕು: ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲವೆಂಬುದು ಹೋಗಿ ತೆರಿಗೆಯಿಲ್ಲದೆ ಪ್ರಾತಿನಿಧ್ಯವಿಲ್ಲವೆಂದಾಯಿತು. 1923ರ ಸುಧಾರಣೆಯಿಂದ ಹೊಸ ತೆರಿಗೆಗೆ ಮೊದಲು ಪ್ರತಿನಿಧಿ ಸಭೆಯೊಡನೆ ಸಮಾಲೋಚಿಸಬೇಕೆಂಬ ನಿಯಮವೂ, ಆಯವ್ಯಯದ ಬೇಡಿಕೆಗಳಿಗೆ ನ್ಯಾಯವಿಧಾಯಕ ಸಭೆಯ ಮತವೂ ಬಂದವು. ಬ್ರಿಟಿಷರೊಡನೆ ಆದ ಒಪ್ಪಂದಗಳ ವಿಷಯ ಮಾತ್ರ ಆಗಲೂ ಹೊರಗೇ ಉಳಿಯಿತು. ಪೊಗದಿಯು 1928ರಲ್ಲಿ 24½ ಲಕ್ಷಕ್ಕೆ ಇಳಿದುದು ಸಭೆಯ ಮತದಿಂದಲ್ಲ, ಭಾರತ ಸರ್ಕಾರದ ರಿಯಾಯಿತಿಯಿಂದ.

ಕಾರ್ನ್‌ವಾಲಿಸನ ದಾರಿಯ ನೆರೆಯಲ್ಲಿ 1882ರಲ್ಲಿ ಯುರೇಷಿಯನ್ನರ ನೆಲಸುನಾಡಾಗಿ ಹುಟ್ಟಿದ ವೈಟ್‌ಫೀಲ್ಡೂ, ಕೈಗಾರಿಕೆಯ ಪೀಣ್ಯವೂ ಕಾಲಾಂತರದಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಆ ಪಾಲಿಕೆಯ ಚುನಾಯಿತ ಸಭೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಪಾಲಿಕೆಯು ಐದಾಗಿ ಒಡೆಯುವವರೆಗೂ ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳ ಕೈಯಲ್ಲಿ ಆಸ್ತಿ ತೆರಿಗೆಯ ವಸೂಲಿಯು ವರ್ಷವರ್ಷವೂ ನಡೆದೇ ಇದ್ದಿತು.