ದೀಕ್ಷಾಸ್ನಾನದ ಪುಸ್ತಕದಲ್ಲಿ ನಮ್ಮ ಹಿರಿಯರು



ಅಕ್ಟೋಬರ್ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಧರ್ಮಕೇಂದ್ರದ ಕಚೇರಿಯ ಮೇಜಿನ ಮೇಲೆ ಲಕೋಟೆಗಳು ಬಂದು ಬೀಳತೊಡಗುತ್ತವೆ. ನವೆಂಬರ್ 2 ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ಅಂದು ಮತ್ತು ಆ ತಿಂಗಳು ಪೂರ್ತಿ ಅರ್ಪಿಸುವ ಬಲಿಪೂಜೆಗಳಲ್ಲಿ ನೆನೆಯುವುದಕ್ಕೆಂದು ಪ್ರತಿ ಮನೆಯವರೂ ತಮ್ಮ ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಗುರುವಾದ ಮೊದಲ ವರ್ಷದಿಂದಲೂ ಈ ಚೀಟಿಗಳನ್ನು ನಾನು ಓದುತ್ತಾ ಬಂದಿದ್ದೇನೆ. ಅವು ಬಹುತೇಕ ಒಂದೇ ಬಗೆ. ತಂದೆ, ತಾಯಿ, ತಾತ, ಅಜ್ಜಿ, ಅಕಾಲದಲ್ಲಿ ತೀರಿಕೊಂಡ ತಮ್ಮನೋ ತಂಗಿಯೋ. ಆಮೇಲೆ ಕೊನೆಯ ಸಾಲು: "ಮತ್ತು ನಮ್ಮ ಕುಟುಂಬದ ಎಲ್ಲಾ ಮೃತರು." ಎರಡು ತಲೆಮಾರಿಗಿಂತ ಹಿಂದಿನವರೆಲ್ಲರೂ ಆ ಒಂದು ಸಾಲಿನಲ್ಲೇ ಮುಗಿದುಹೋಗುತ್ತಾರೆ.

ಇದಕ್ಕೆ ನಾವು ಯಾರನ್ನೂ ದೂರಬೇಕಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಹೆಳವರು ಎಂಬ ಜನರಿದ್ದಾರೆ. ಎತ್ತಿನ ಮೇಲೆ ಊರೂರು ತಿರುಗಿ, ತಮ್ಮ ಒಕ್ಕಲು ಮನೆಗಳ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಹಿಡಿದು ಇವತ್ತಿನ ಮಗುವಿನವರೆಗೆ ವಂಶಾವಳಿ ಹೇಳುವುದು ಅವರ ಕಸುಬು. ನಮ್ಮ ಹಳೆಯ ಮೈಸೂರು ಕಡೆಯ ಕ್ರೈಸ್ತ ಮನೆಗಳ ಬಾಗಿಲಿಗೆ ಅಂಥವರು ಬರಲಿಲ್ಲ. ಮನೆತನದ ಅಡ್ಡಹೆಸರು ಇಟ್ಟುಕೊಳ್ಳುವ ರೂಢಿಯೂ ನಮ್ಮಲ್ಲಿಲ್ಲ. ಇರುವುದು ತಂದೆಯ ಹೆಸರಿನ ಒಂದು ಇನಿಷಿಯಲ್ ಮಾತ್ರ, ಅದೂ ತಲೆಮಾರಿಗೊಮ್ಮೆ ಬದಲಾಗುತ್ತದೆ.

ಆದರೆ ನಮ್ಮಲ್ಲಿ ಇನ್ನೊಂದು ಬಗೆಯ ಹೆಳವನಿದ್ದಾನೆ. ಅವನು ಕಚೇರಿಯ ಕಬ್ಬಿಣದ ಬೀರುವಿನೊಳಗೆ, ನುಸಿಗುಳಿಗೆಯ ವಾಸನೆಯಲ್ಲಿ ಸುಮ್ಮನೆ ಕುಳಿತಿದ್ದಾನೆ.

ಧರ್ಮಕೇಂದ್ರದ ದಾಖಲೆ ಪುಸ್ತಕಗಳಿಗೆ ದೀರ್ಘ ಚರಿತ್ರೆಯಿದೆ. 1563ರ ನವೆಂಬರ್ 11ರಂದು ಟ್ರೆಂಟ್ ಮಹಾಸಭೆಯು ತನ್ನ 24ನೆಯ ಅಧಿವೇಶನದಲ್ಲಿ ವಿವಾಹಗಳನ್ನೂ ದೀಕ್ಷಾಸ್ನಾನದ ಸಮಯದ ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ಗುರುಗಳಿಗೆ ಆಜ್ಞಾಪಿಸಿತು. 1614ರಲ್ಲಿ ಜಗದ್ಗುರು ಐದನೆಯ ಪೌಲರು ಹೊರತಂದ ರೋಮನ್ ವಿಧಿಗ್ರಂಥವು ಐದು ಪುಸ್ತಕಗಳನ್ನು ನಿಗದಿ ಮಾಡಿತು: ದೀಕ್ಷಾಸ್ನಾನ, ದೃಢೀಕರಣ, ವಿವಾಹ, ಮರಣ, ಮತ್ತು ಮನೆಮನೆಯ ಜನರ ಪಟ್ಟಿ. ಐದನೆಯದೇ ಇಂದಿನ ನಮ್ಮ ಕುಟುಂಬ ಪುಸ್ತಕದ ಪೂರ್ವಜ. ಇದೆಲ್ಲಾ ವಂಶವೃಕ್ಷ ಬರೆಯುವವರಿಗೆ ಅನುಕೂಲವಾಗಲಿ ಎಂದು ಮಾಡಿದ್ದಲ್ಲ. ಗುಟ್ಟಾಗಿ ಮದುವೆಯಾಗಿ, ಆಮೇಲೆ ಕೈಹಿಡಿದವಳನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಿದ್ದ ಗಂಡಸರನ್ನು ತಡೆಯುವುದು ಅದರ ಮುಖ್ಯ ಉದ್ದೇಶ. ಹತ್ತಿರದ ರಕ್ತಸಂಬಂಧಿಗಳ ನಡುವೆ ತಿಳಿಯದೆ ಮದುವೆ ನಡೆಯಬಾರದೆಂಬುದು ಇನ್ನೊಂದು.

ನಮ್ಮ ನಾಡಿನಲ್ಲಿ ಶುಭಸಂದೇಶದ ಕೆಲಸ 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರಿಂದ ಬೇರೂರಿತೆಂಬುದು ನಿಮಗೆ ಗೊತ್ತಿದೆ. ಆ ಕಾಲದ ಸುದ್ದಿ ಸಿಗುವುದು ಮುಖ್ಯವಾಗಿ ಯೇಸುಸಭೆಯ ಗುರುಗಳು ಬರೆದ ವಾರ್ಷಿಕ ಪತ್ರಗಳಲ್ಲಿ, ಅವು ರೋಮಿನಲ್ಲಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಜನರು ದೊಡ್ಡಸ್ವಾಮಿಯವರು ಎಂದು ಕರೆದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಬಂದು ಚೆದುರಿದ್ದವರನ್ನು ಒಗ್ಗೂಡಿಸಿದರು, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಅವರ ನಂತರ ಬಂದ ಪ್ಯಾರಿಸ್ ಮಿಷನ್ ಸಂಸ್ಥೆಯ ಗುರುಗಳ ಕೈಬರಹವೇ ನಮ್ಮ ಹಳೆಯ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು. ಕೆಲವರದು ಮುತ್ತು ಪೋಣಿಸಿದಂಥ ಅಕ್ಷರ. ಇನ್ನು ಕೆಲವರದು, ದೇವರೇ ಗತಿ!

ಪುಸ್ತಕ ತೆರೆದವರಿಗೆ ಮೊದಲ ತೊಡಕು ಹೆಸರಿನದು. "ನಮ್ಮ ಮುತ್ತಾತ ರಾಯಪ್ಪ" ಎಂದು ಹುಡುಕಿಕೊಂಡು ಬರುತ್ತಾರೆ, ಪುಸ್ತಕದಲ್ಲಿ ರಾಯಪ್ಪನೇ ಇರುವುದಿಲ್ಲ. ಇರುವುದು ಪೇತ್ರುಸ್. ತಮಿಳು ಕಡೆಯಿಂದ ಬಂದ ರೂಢಿಯಲ್ಲಿ ಪೇತ್ರ ರಾಯಪ್ಪನಾದ, ಪೌಲ ಚಿನ್ನಪ್ಪನಾದ, ಯೊವಾನ್ನ ಅರುಳಪ್ಪನಾದ, ಸ್ತೇಫನ ಮುಡಿಯಪ್ಪನಾದ. ಇನ್ಯಾಸಿಯವರು ಇನ್ನಾಸಪ್ಪ, ಸಂತ ಸೇವಿಯರರು ಚೌರಪ್ಪ. ಬರೆಯುವಾಗ ಗುರುಗಳು ಲತೀನ್ ಹೆಸರು ಬರೆದರು, ಮನೆಯಲ್ಲಿ ತಾಯಿ ಕನ್ನಡದ ಹೆಸರಿನಲ್ಲಿ ಕರೆದಳು. ಎರಡನ್ನೂ ಕೂಡಿಸಿ ಓದಲು ಬಾರದಿದ್ದರೆ ನಮ್ಮವರೇ ನಮಗೆ ಅಪರಿಚಿತರು. ಗುರುಮಠದಲ್ಲಿ ಲತೀನ್ ತರಗತಿಯ ಬಹುಪಾಲನ್ನು ತೂಕಡಿಸುತ್ತಾ ಕಳೆದ ನಾನು ಅದರ ಬೆಲೆಯನ್ನು ಈಗ ತೆರುತ್ತಿದ್ದೇನೆ. ಇದರ ಮೇಲೆ ಹಿರಿಮಗನಿಗೆ ತಾತನ ಹೆಸರಿಡುವ ಪದ್ಧತಿ ಬೇರೆ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಮರಳುತ್ತದೆ. ಇಸವಿ ಹಿಡಿಯದೆ ಹೆಸರೊಂದನ್ನೇ ಹಿಡಿದವನು ತಾತನನ್ನು ಮೊಮ್ಮಗನೆಂದು ಎಣಿಸುತ್ತಾನೆ.

ನಾಲ್ಕು ವರ್ಷಗಳ ಹಿಂದೆ ನಿವೃತ್ತ ಶಾಲಾ ಮೇಷ್ಟ್ರೊಬ್ಬರು ನನ್ನ ಬಳಿ ಬಂದರು. ಮಗ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ದಿನ ಬಂಧುಗಳಿಗೆ ಹಂಚಲು ವಂಶಾವಳಿಯ ಕಿರುಹೊತ್ತಗೆ ಅಚ್ಚು ಹಾಕಿಸಬೇಕೆಂದು ಅವರ ಆಸೆ. ತಾವು ದೊಡ್ಡಸ್ವಾಮಿಯವರ ಕಾಲದ ಹಳೆಯ ಕ್ರೈಸ್ತರೆಂದು ಅವರ ಮನೆಯಲ್ಲಿ ಹೇಳಿಕೊಂಡು ಬಂದಿದ್ದರು. ಆರು ಭಾನುವಾರ ಎರಡನೆಯ ಪೂಜೆಯ ಬಳಿಕ ನಾವಿಬ್ಬರೂ ಕುಳಿತು ಹಿಂದಕ್ಕೆ ಹಿಂದಕ್ಕೆ ಹೋದೆವು. ತಂದೆ ಸಿಕ್ಕರು, ತಾತ ಸಿಕ್ಕರು. ಮುತ್ತಾತನ ಮದುವೆಯ ದಾಖಲೆ ಸಿಕ್ಕಿತು. ಆರನೆಯ ಭಾನುವಾರ ಅದೇ ಮುತ್ತಾತನ ದೀಕ್ಷಾಸ್ನಾನದ ದಾಖಲೆ ಸಿಕ್ಕಿತು. ಇಸವಿ 1877. ಎರಡೇ ಸಾಲು. ಹುಡುಗ, ಸುಮಾರು ಆರು ವರ್ಷ, ತಂದೆತಾಯಿ ತಿಳಿಯದು, ಮರಣದ ಅಪಾಯದಲ್ಲಿ ದೀಕ್ಷಾಸ್ನಾನ ಕೊಡಲಾಯಿತು, ಜ್ಞಾನತಂದೆ ಉಪದೇಶಿ.

ಆ ಇಸವಿಯನ್ನು ಕಂಡೊಡನೆ ನನಗೆ ಅರ್ಥವಾಯಿತು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ಹಬ್ಬಿದ ಮಹಾಕ್ಷಾಮದ ಕಾಲವದು, 1876ರಿಂದ 1878. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷದ 55 ಸಾವಿರ ಜನರಿದ್ದರು. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಉಳಿದದ್ದು 41 ಲಕ್ಷದ 86 ಸಾವಿರ. ಊರು ಬಿಟ್ಟು ಗಂಜಿಕೇಂದ್ರಗಳ ಕಡೆ ನಡೆದವರು ದಾರಿಯಲ್ಲೇ ಬಿದ್ದರು, ಅವರ ಪಕ್ಕದಲ್ಲಿ ಮಕ್ಕಳು ಉಳಿದರು. ಮಿಷನರಿಗಳು ಅನಾಥಾಲಯಗಳನ್ನು ತೆರೆದು ಅಂಥ ಮಕ್ಕಳನ್ನು ಎತ್ತಿಕೊಂಡು ಬಂದರು. ಸಾಯುತ್ತದೆಂದು ಬರೆದಿಟ್ಟ ಈ ಹುಡುಗ ಸಾಯಲಿಲ್ಲ. ಬೆಳೆದ, ಮದುವೆಯಾದ. ನನ್ನೆದುರು ಕುಳಿತಿದ್ದ ಮೇಷ್ಟ್ರು ಅವನ ಮರಿಮಗ.

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕನ್ನಡಕ ತೆಗೆದು, "ಸ್ವಾಮಿ, ಇದೊಂದನ್ನ ಬಿಟ್ಬಿಡೋಣ. ಮದುವೆಯಿಂದ ಶುರು ಮಾಡಿದರಾಯ್ತು. ಬೀಗರೆಲ್ಲಾ ಬರ್ತಾರೆ. ಜಾತಿ ಗೊತ್ತಿಲ್ಲ, ಕುಲ ಗೊತ್ತಿಲ್ಲ ಅಂತ ಆಡ್ಕೊಳ್ಳೋದು ಬೇಡ" ಅಂದರು.

ನಾನು ಒಪ್ಪಲಿಲ್ಲ, ಆದರೆ ಒತ್ತಾಯವನ್ನೂ ಮಾಡಲಿಲ್ಲ. ಪುಸ್ತಕ ಧರ್ಮಕೇಂದ್ರದ್ದಾದರೂ ಮುತ್ತಾತ ಅವರವನು. ಆ ರಾತ್ರಿ ಮಾತ್ರ ನನಗೆ ಬೈಬಲಿನ ಎರಡು ಪಟ್ಟಿಗಳು ಒಂದರ ಪಕ್ಕ ಒಂದು ನೆನಪಾದವು. ಒಂದು ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಬಾಬಿಲೋನಿನ ಸೆರೆಯಿಂದ ಮರಳಿದವರಲ್ಲಿ ಕೆಲವು ಯಾಜಕ ಮನೆತನಗಳವರು ತಮ್ಮ ವಂಶಾವಳಿಯ ಪತ್ರವನ್ನು ಹುಡುಕುತ್ತಾರೆ, ಸಿಗುವುದಿಲ್ಲ. ಅವರನ್ನು ಅಶುದ್ಧರೆಂದು ಯಾಜಕತ್ವದಿಂದ ಹೊರಗಿಡಲಾಗುತ್ತದೆ. ಅಲ್ಲಿ ಪಟ್ಟಿ ಎಂಬುದು ಜನರನ್ನು ಹೊರಗೆ ನಿಲ್ಲಿಸುವ ಬೇಲಿ. ಇನ್ನೊಂದು ಮತ್ತಾಯನ ಶುಭಸಂದೇಶದ ಮೊದಲ ಪುಟ. ಪ್ರತಿವರ್ಷ ಡಿಸೆಂಬರ್ 17ರಂದು ಅದನ್ನು ಓದುವಾಗ ಪೂಜೆಗೆ ಬಂದ ಅರ್ಧ ಜನ ಆಕಳಿಸುತ್ತಾರೆ, ಓದುವ ಗುರುವಿನ ನಾಲಗೆ ತೊದಲುತ್ತದೆ. ಹದಿನಾಲ್ಕು ಹದಿನಾಲ್ಕರಂತೆ ಮೂರು ಸಾಲು ತಲೆಮಾರುಗಳು. ಲೆಕ್ಕ ಕೂಡಿಸಲೆಂದೋ ಏನೋ, ಯೋರಾಮನಿಗೂ ಉಜ್ಜೀಯನಿಗೂ ನಡುವೆ ಆಳಿದ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನು ಮತ್ತಾಯ ಬಿಟ್ಟೇಬಿಟ್ಟಿದ್ದಾನೆ. ಸಿಂಹಾಸನದ ಮೇಲೆ ಕುಳಿತವರನ್ನು ಬಿಟ್ಟವನು ತಾಮಾರಳನ್ನು ಬಿಡಲಿಲ್ಲ, ಜೆರಿಕೋವಿನ ರಾಹಾಬಳನ್ನು ಬಿಡಲಿಲ್ಲ, ಮೋವಾಬಿನಿಂದ ವಿಧವೆಯಾಗಿ ಬಂದ ರೂತಳನ್ನು ಬಿಡಲಿಲ್ಲ, ಊರೀಯನ ಹೆಂಡತಿಯನ್ನೂ ಬಿಡಲಿಲ್ಲ. ಬೀಗರ ಮುಂದೆ ಮುಚ್ಚಿಡಬಹುದಾಗಿದ್ದ ಹೆಸರುಗಳನ್ನೇ ಅವನು ಹುಡುಕಿ ಬರೆದ.

ಮೇಷ್ಟ್ರು ಎರಡು ವಾರ ಬರಲಿಲ್ಲ. ಮೂರನೆಯ ಭಾನುವಾರ ಆಟೋದಲ್ಲಿ ತಮ್ಮ ಸೋದರತ್ತೆಯನ್ನು ಕರೆದುಕೊಂಡು ಬಂದರು. ವಯಸ್ಸು ತೊಂಬತ್ತು. ಕಿವಿ ಮಂದ, ನೆನಪು ಚುರುಕು. ಮೊಮ್ಮಗಳಾಗಿ ಆ ಮುತ್ತಾತನನ್ನು ಕಣ್ಣಾರೆ ಕಂಡವರು ಅವರೊಬ್ಬರೇ ಉಳಿದಿರುವುದು. ಪುಸ್ತಕದಲ್ಲಿ ಏನಿದೆಯೆಂದು ನಾನು ಜೋರಾಗಿ ಓದಿ ಹೇಳಿದೆ. ಅಜ್ಜಿಗೆ ಆಶ್ಚರ್ಯವಾಗಲಿಲ್ಲ.

"ನಮ್ ತಾತ ರಾತ್ರಿ ಮಲಗೋವಾಗ ದಿಂಬಿನ ಕೆಳಗೆ ರಾಗಿ ಗಂಟು ಇಟ್ಕೊಂಡೇ ಮಲಗ್ತಿದ್ದುದು, ಸ್ವಾಮಿ. ಒಂದು ಹಿಡಿ ರಾಗಿ. ಬೆಳಿಗ್ಗೆ ಎದ್ದು ಅದನ್ನ ಮುಟ್ಟಿ ನೋಡಿ ಆಮೇಲೆ ಶಿಲುಬೆ ಗುರುತು ಹಾಕ್ಕೊಳ್ಳೋರು. ನಾವು ಮಕ್ಕಳೆಲ್ಲಾ ನಗ್ತಿದ್ವಿ. ನಮ್ಮಜ್ಜಿ ಬೈತಿದ್ರು, ನಗಬ್ಯಾಡ್ರೇ, ಅವರವ್ವ ಹಸ್ಕೊಂಡು ಸತ್ತೋದ್ಲು ಅಂತ."

ಮೇಷ್ಟ್ರು ಈ ಮಾತನ್ನು ಹಿಂದೆಂದೂ ಕೇಳಿರಲಿಲ್ಲ. ಅರವತ್ತೈದು ವರ್ಷ ಅದೇ ಅತ್ತೆಯ ಮನೆಗೆ ಹಬ್ಬಕ್ಕೆ ಹೋಗಿ ಬಂದಿದ್ದರು, ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಪುಸ್ತಕ ಹೇಳುವುದು ಇಸವಿಯನ್ನು. ರಾಗಿಗಂಟನ್ನು ಹೇಳುವುದು ಸೋದರತ್ತೆ. ಎರಡರಲ್ಲಿ ಅತ್ತೆಯೇ ಬೇಗ ಹೋಗಿಬಿಡುವವಳು. ನನ್ನ ತಪ್ಪನ್ನೂ ಇಲ್ಲಿ ಹೇಳಿಬಿಡುತ್ತೇನೆ. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಮುದುಕರೊಬ್ಬರು, ತಮ್ಮ ತಾತ ಕಂಡ 1898ರ ಪ್ಲೇಗಿನ ಕಥೆ ಹೇಳುತ್ತೇನೆ ಬನ್ನಿ ಸ್ವಾಮಿ ಎಂದು ಎರಡು ಸಲ ಕರೆದಿದ್ದರು. ವಾರ್ಷಿಕ ಹಬ್ಬ ಮುಗಿಯಲಿ ಎಂದೆ. ಹಬ್ಬ ಮುಗಿದ ವಾರವೇ ಅವರ ಅಂತ್ಯಕ್ರಿಯೆ ನಡೆಸಿದೆ. ಅಲ್ಲಿಯ ಮರಣದ ಪುಸ್ತಕದಲ್ಲಿ ಆ ವರ್ಷದ ಪುಟಗಳು ಈಗಲೂ ಇವೆ, ಹೆಸರುಗಳ ಮುಂದೆ ಒಂದೇ ಪದ ಮತ್ತೆ ಮತ್ತೆ. 1918ರ ಇನ್‌ಫ್ಲುಯೆಂಜಾ ಜ್ವರದ ಪುಟಗಳೂ ಹಾಗೆಯೇ. ಒಂದೇ ಮನೆಯ ಮೂವರು, ನಾಲ್ವರು. ಕಥೆ ಮಾತ್ರ ಹೋಯಿತು.

ಹೆಂಗಸರ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನಾವು ಬರೆಸುವ ವಂಶವೃಕ್ಷಗಳಲ್ಲಿ ಗಂಡುಮಕ್ಕಳು ಕೊಂಬೆಯಾಗುತ್ತಾರೆ, ಸೊಸೆಯ ತವರು ಯಾವುದೆಂಬುದೇ ಇರುವುದಿಲ್ಲ, ಮಗಳು ಮದುವೆಯಾದೊಡನೆ ಅಳಿಸಿಹೋಗುತ್ತಾಳೆ. ಪುಸ್ತಕ ಹೀಗೆ ಮಾಡುವುದಿಲ್ಲ. 1908ರ ಪಾಸ್ಖ ಹಬ್ಬದಿಂದ ಜಾರಿಗೆ ಬಂದ ನಿಯಮದಂತೆ ಒಬ್ಬರ ವಿವಾಹವಾದಾಗ ಅದನ್ನು ಅವರ ದೀಕ್ಷಾಸ್ನಾನದ ದಾಖಲೆಯ ಅಂಚಿನಲ್ಲಿ ಬರೆಯಬೇಕು. ಆದ್ದರಿಂದ ಇಲ್ಲಿ ಹುಟ್ಟಿದ ಹುಡುಗಿ ಯಾವ ಊರಿಗೆ, ಯಾರಿಗೆ, ಯಾವ ದಿನ ಮದುವೆಯಾಗಿ ಹೋದಳೆಂಬುದು ಆ ಅಂಚಿನ ಸಣ್ಣ ಅಕ್ಷರಗಳಲ್ಲಿ ಸಿಗುತ್ತದೆ. ಕಳೆದುಹೋದ ಅತ್ತೆಯರನ್ನು, ಅಜ್ಜಿಯ ಅಕ್ಕತಂಗಿಯರನ್ನು ಪತ್ತೆಹಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಇನ್ನೊಂದು ಜಾಗವಿದೆ, ಜನಕ್ಕೆ ಅದರ ನೆನಪೇ ಬರುವುದಿಲ್ಲ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗಲು ಧರ್ಮಾಧ್ಯಕ್ಷರ ವಿನಾಯಿತಿ ಬೇಕಷ್ಟೆ. ಆ ಅರ್ಜಿಯ ಜೊತೆ ಇಬ್ಬರಿಗೂ ಸಮಾನರಾದ ಹಿರಿಯರವರೆಗೆ ವಂಶದ ನಕ್ಷೆ ಬರೆದು ಕಳುಹಿಸಬೇಕಾಗುತ್ತದೆ. ನಮ್ಮಲ್ಲಿ ಇಂಥ ಸಂಬಂಧಗಳು ಎಷ್ಟಿದ್ದವೆಂದು ನಿಮಗೇ ಗೊತ್ತು! ಹಳೆಯ ಮದುವೆ ಕಾಗದಗಳ ಕಟ್ಟಿನಲ್ಲಿ ನಿಮ್ಮ ಮನೆಯ ವಂಶವೃಕ್ಷದ ಅರ್ಧಭಾಗ ಆಗಲೇ ಬರೆದಿರಬಹುದು.

ಮೇಷ್ಟ್ರ ಹೊತ್ತಗೆ ಗೃಹಪ್ರವೇಶದ ದಿನ ಹಂಚಲ್ಪಟ್ಟಿತು. ಮೊದಲ ಪುಟದಲ್ಲಿ 1877ರ ಆ ಎರಡು ಸಾಲುಗಳಿದ್ದವು, ಲತೀನಿನಲ್ಲೂ ಕನ್ನಡದಲ್ಲೂ. ರಾಗಿಗಂಟಿನ ಮಾತು ಅತ್ತೆಯ ಮಾತಿನಲ್ಲೇ ಇತ್ತು. ಬೀಗರು ಏನೆಂದರೋ ನಾನು ವಿಚಾರಿಸಲಿಲ್ಲ. ಆ ವರ್ಷ ನವೆಂಬರ್ ತಿಂಗಳಿಗೆ ಅವರ ಮನೆಯಿಂದ ಬಂದ ಚೀಟಿಯಲ್ಲಿ ಹದಿನೇಳು ಹೆಸರುಗಳಿದ್ದವು. ಕೊನೆಯಲ್ಲಿ ಎರಡು ಖಾಲಿ ಗೆರೆ ಎಳೆದು ಮುಂದೆ ಬರೆದಿದ್ದರು: "ಮುತ್ತಾತನ ಅಪ್ಪ. ಮುತ್ತಾತನ ಅವ್ವ." ನಾನು ಸಮಾಧಿಭೂಮಿಯಲ್ಲಿ ಪೂಜೆಯ ಹೊತ್ತಿಗೆ ಹಾಗೆಯೇ ಓದಿದೆ.

ನಿಮ್ಮಲ್ಲಿ ಯಾರಿಗಾದರೂ ಹುಡುಕುವ ಮನಸ್ಸಿದ್ದರೆ ನಿಮ್ಮ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ, ಆದರೆ ಪಾಸ್ಖ ಮತ್ತು ಕ್ರಿಸ್ತಜಯಂತಿಯ ವಾರಗಳಲ್ಲಿ ಕೇಳಬೇಡಿ. ಬರುವಾಗ ಅಂದಾಜಿನ ಇಸವಿ, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಅಜ್ಜಿಯ ತವರೂರು, ಇಷ್ಟನ್ನು ಬರೆದುಕೊಂಡು ಬನ್ನಿ. ಹಳೆಯ ಪುಸ್ತಕಗಳನ್ನು ಜೋಪಾನವಾಗಿಡಬೇಕೆಂದು 1983ರ ಕಾನೂನು ಸಂಹಿತೆಯ 535ನೆಯ ವಿಧಿ ನಮಗೆ ಹೇಳಿದೆ. ಆದ್ದರಿಂದ ಪುಟ ತಿರುವುವ ಕೆಲಸವನ್ನು ಗುರುಗಳಿಗೇ ಬಿಡಿ. ತಿರುವಲೇಬೇಕಾಗಿ ಬಂದರೆ ದಯವಿಟ್ಟು ಎಂಜಲು ಬೆರಳು ಹಚ್ಚಬೇಡಿ.